ನಾಟಕ ಆರೂವರೆಗೆ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ?

ತಾಳವಾಡಿ: ಮೈಸೂರಿನ ರಂಗಾಯಣದಲ್ಲಿ ಸಂಜೆ ಆರೂವರೆಗೆ ನಾಟಕ ಎಂದಿಟ್ಟುಕೊಳ್ಳಿ. ಎರಡು ಗಂಟೆಯ ಆಟ. ಮುಗಿಯುವಾಗ ಎಂಟೂವರೆ. ಕಲಾವಿದರು ಸಾಲಾಗಿ ನಿಂತು ಕೈಮುಗಿದು, ಜನ ಚಪ್ಪಾಳೆ ತಟ್ಟಿ ಹೊರಗೆ ಬಂದು, ಆಟೋ ಹಿಡಿದು ಸಬರ್ಬನ್ ಬಸ್ ಸ್ಟ್ಯಾಂಡ್ ತಲುಪುವಾಗ ಒಂಬತ್ತು. ಅಲ್ಲಿಂದ ಚಾಮರಾಜನಗರಕ್ಕೆ ಸುಮಾರು 60 ಕಿ.ಮೀ. ಬಸ್ಸು ತಕ್ಷಣ ಸಿಕ್ಕಿತು ಎಂದುಕೊಂಡರೂ ಇಳಿಯುವಾಗ ಹತ್ತೂವರೆ ದಾಟಿರುತ್ತದೆ. ಅಲ್ಲಿಂದ ತಾಳಮಲೆಗೆ?

ಲೆಕ್ಕ ಅಲ್ಲಿಗೆ ನಿಂತುಬಿಡುತ್ತದೆ. ಸ್ವಂತ ಗಾಡಿ ಇದ್ದವರೂ ಆ ಹೊತ್ತಿನಲ್ಲಿ ಹಿಂದೆಮುಂದೆ ನೋಡುತ್ತಾರೆ. ರಸ್ತೆಗೆ ಆನೆ ಇಳಿದಿರುತ್ತದೆ. ಆನೆ ರಸ್ತೆಯಲ್ಲಿ ಇಲ್ಲದಿದ್ದರೆ ಜೋಳದ ಹೊಲದಲ್ಲೋ ಬಾಳೆ ತೋಟದಲ್ಲೋ ಇರುತ್ತದೆ. ರಾತ್ರಿ ಕಾವಲಿಗೆ ಇರಬೇಕಾದ ಮನುಷ್ಯ ಮೈಸೂರಿನಲ್ಲಿ ನಾಟಕ ನೋಡುತ್ತಾ ಕೂತರೆ ಬೆಳಿಗ್ಗೆ ಹೊಲ ನೋಡಲು ಧೈರ್ಯ ಬೇಕು.

ಬೆಟ್ಟದ ಜನ ನಗರದ ನಾಟಕ, ಸಂಗೀತಕ್ಕೆ ಹೋಗುವುದಿಲ್ಲ, ಅವರಿಗೆ ಅದು ರುಚಿಸುವುದಿಲ್ಲ ಎನ್ನುವ ಮಾತು ಪಟ್ಟಣದಲ್ಲಿ ಆಗಾಗ ಕೇಳಿಬರುತ್ತದೆ. ಅದು ಸುಳ್ಳು. ಟಿಕೆಟ್ ದುಬಾರಿ ಎನ್ನುವುದೂ ಪೂರ್ತಿ ನಿಜವಲ್ಲ. ಮೈಸೂರಿನಲ್ಲಿ ಒಳ್ಳೆಯ ಸಂಗೀತ ಎಷ್ಟೋ ಕಡೆ ಬಿಟ್ಟಿಯಾಗಿ ಸಿಗುತ್ತದೆ. ಅಡ್ಡಿ ಇರುವುದು ಗಡಿಯಾರದಲ್ಲಿ. ಯಾವ ಕಾರ್ಯಕ್ರಮ ಯಾವ ಹೊತ್ತಿನಲ್ಲಿ ನಡೆಯುತ್ತದೆ, ಯಾಕೆ ಆ ಹೊತ್ತಿನಲ್ಲಿ ನಡೆಯುತ್ತದೆ ಎಂದು ಗೊತ್ತಿದ್ದರೆ ಅರ್ಧ ಸಮಸ್ಯೆ ಬಗೆಹರಿದಂತೆ.

<b>ಆಗ ನಾಟಕವೇ ಬರುತ್ತಿತ್ತು</b>

ಒಂದು ಕಾಲದಲ್ಲಿ ಜನ ನಾಟಕದ ಹತ್ತಿರ ಹೋಗಬೇಕಿರಲಿಲ್ಲ. ಕಂಪನಿ ನಾಟಕಗಳೇ ಊರೂರಿಗೆ ಬರುತ್ತಿದ್ದವು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಕನ್ನಡ ಸೀಮೆಯಲ್ಲಷ್ಟೇ ಅಲ್ಲ, ತಮಿಳು, ತೆಲುಗು ಸೀಮೆಗಳಲ್ಲೂ ಕ್ಯಾಂಪ್ ಹಾಕಿತ್ತು. ತಗಡಿನ ಥಿಯೇಟರ್ ಎಬ್ಬಿಸಿ, ಪರದೆ ಕಟ್ಟಿ, ವಾರಗಟ್ಟಲೆ, ತಿಂಗಳುಗಟ್ಟಲೆ ಒಂದೇ ಊರಿನಲ್ಲಿ ಆಡುತ್ತಿದ್ದರು. ಸುತ್ತಲಿನ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬಂದು, ನಾಟಕ ನೋಡಿ, ಗಾಡಿಯಲ್ಲೇ ಮಲಗಿ, ಬೆಳಿಗ್ಗೆ ವಾಪಸಾಗುತ್ತಿದ್ದರು. ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬರುತ್ತಿದ್ದವು ಎನ್ನುವುದು ಹಿರಿಯರ ಬಾಯಲ್ಲಿ ಇನ್ನೂ ಇದೆ. ತಾಳಮಲೆಯವರಿಗೆ ಆನೆ ಹೊಸದಲ್ಲ ಬಿಡಿ, ಆದರೆ ಮಾತು ಕೇಳುವ ಆನೆ ಹೊಸದೇ.

ಇದೇ ತಾಳಮಲೆಯ ಗಾಜನೂರಿನಲ್ಲಿ 1929ರ ಏಪ್ರಿಲ್ 24ರಂದು ಹುಟ್ಟಿದ ಮುತ್ತುರಾಜ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಹಿಂದೆ ಬಾಲ್ಯದಲ್ಲೇ ಕಂಪನಿ ಸೇರಿದ್ದು ಆ ಕಾಲದಲ್ಲಿ. ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟ. 1954ರಲ್ಲಿ ‘ಬೇಡರ ಕಣ್ಣಪ್ಪ’ದಿಂದ ಮುತ್ತುರಾಜ ರಾಜ್‌ಕುಮಾರ್ ಆದರು. ಆ ಸಿನಿಮಾ ಕೂಡ ಗುಬ್ಬಿ ಕಂಪನಿ ಆಡುತ್ತಿದ್ದ ನಾಟಕವೇ. ಗಾಜನೂರು ಎಂದರೆ ಹೊರಗಿನವರಿಗೆ 2000ನೇ ಇಸವಿಯ ಜುಲೈ 30ರ ಅಪಹರಣ, 108 ದಿನ ಇಷ್ಟೇ ನೆನಪು. ಶಾಲೆಯಲ್ಲಿ ಹೆಚ್ಚು ಓದದ ಒಬ್ಬ ಹುಡುಗ ಈ ಊರಿನಿಂದ ಹೊರಟು ಸ್ಪಷ್ಟ ಉಚ್ಚಾರ, ಹಾಡುಗಾರಿಕೆ ಎರಡನ್ನೂ ಕಂಪನಿಯ ರಂಗದ ಮೇಲೆ ಕಲಿತದ್ದು ಅದಕ್ಕಿಂತ ದೊಡ್ಡ ಸುದ್ದಿ. ಅಲ್ಲಿ ನಟನೇ ಹಾಡಬೇಕು, ಕೊನೆಯ ಸಾಲಿಗೂ ಮಾತು ಕೇಳಿಸಬೇಕು.

ಸಿನಿಮಾ ಬಂತು, ಆಮೇಲೆ ಟಿವಿ ಬಂತು. ಹಳೆ ಮೈಸೂರು ಸೀಮೆಯಲ್ಲಿ ಕಂಪನಿಗಳ ಕ್ಯಾಂಪ್ ಕಡಿಮೆಯಾಯಿತು. ನಾಟಕಕ್ಕೆ ಸರ್ಕಾರದ, ಸಂಸ್ಥೆಗಳ ಕಟ್ಟಡ ಬಂತು. ಬೆಂಗಳೂರಿನಲ್ಲಿ ರವೀಂದ್ರ ಕಲಾಕ್ಷೇತ್ರ 1963ರಲ್ಲಿ, ಮೈಸೂರಿನಲ್ಲಿ ರಂಗಾಯಣ 1989ರಲ್ಲಿ. ನಾಟಕಕ್ಕೆ ಮನೆ ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ತಿರುಗಾಡುವ ಕೆಲಸ ನಟನಿಂದ ಪ್ರೇಕ್ಷಕನ ತಲೆಗೆ ಬಿತ್ತು. ಮೈಸೂರಿನಲ್ಲಿ ಮನೆ ಇರುವವನಿಗೆ ಇದು ಗೊತ್ತೇ ಆಗಲಿಲ್ಲ.

<b>ಹಳ್ಳಿ ನಾಟಕ ಬೆಳಗಿನವರೆಗೆ ಯಾಕೆ?</b>

ಊರ ಹಬ್ಬದಲ್ಲಿ ನಾಟಕ ಶುರುವಾಗುವುದೇ ರಾತ್ರಿ ಊಟ ಮುಗಿದ ಮೇಲೆ. ಬಾಡಿಗೆ ಸೀನರಿ ಬಂದಿರುತ್ತದೆ. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತಿರುತ್ತಾರೆ. ದುರ್ಯೋಧನನ ಪಾರ್ಟು ಮಾಡುವವನ ನೆಂಟರೆಲ್ಲ ಮುಂದಿನ ಸಾಲಿನಲ್ಲಿ ಚಾಪೆ ಹಾಸಿರುತ್ತಾರೆ. ಚೆನ್ನಾಗಿ ಹಾಡಿದರೆ ‘ಒನ್ಸ್ ಮೋರ್’, ಸಲಕ್ಕೊಂದು ನೋಟಿನ ಹಾರ. ನಡುವೆ ಮಕ್ಕಳು ನಿದ್ದೆ ಹೋಗಿ, ಗದಾಯುದ್ಧಕ್ಕೆ ಎದ್ದು ಕೂರುತ್ತಾರೆ. ಮುಗಿಯುವಾಗ ಕೋಳಿ ಕೂಗಿರುತ್ತದೆ.

ಇದನ್ನು ಅನೇಕರು ಪುರುಸೊತ್ತಿನ ಲಕ್ಷಣ ಎಂದುಕೊಳ್ಳುತ್ತಾರೆ. ಹಾಗಲ್ಲ. ಪಕ್ಕದ ಊರುಗಳಿಂದ ನಡೆದು ಬಂದವರು ನಡುರಾತ್ರಿ ಕಾಡುದಾರಿಯಲ್ಲಿ ವಾಪಸ್ ಹೋಗುವಂತಿಲ್ಲ. ಬೆಳಕು ಹರಿಯುವವರೆಗೆ ಜನ ಎಲ್ಲೂ ಹೋಗಲಾರರು, ಹಾಗಾಗಿ ಆಟವೂ ಮುಗಿಯಬಾರದು.

ನಗರದ ಲೆಕ್ಕ ಬೇರೆ. ಆಫೀಸು ಬಿಟ್ಟವನು ಬಂದು ನೋಡಬೇಕು, ಒಂಬತ್ತೂವರೆಯ ಒಳಗೆ ಸಿಟಿ ಬಸ್ಸಿನಲ್ಲಿ ಮನೆ ಸೇರಬೇಕು, ಮಾರನೆಯ ದಿನ ಕೆಲಸಕ್ಕೆ ಹೋಗಬೇಕು. ಸಭಾಂಗಣಗಳನ್ನು ಬಾಡಿಗೆಗೆ ಕೊಡುವುದೂ ಬೆಳಿಗ್ಗೆ, ಸಂಜೆ ಎಂದು ಹೊತ್ತಿನ ಲೆಕ್ಕದಲ್ಲಿ. ಆದ್ದರಿಂದ ಆರೂವರೆ ಅಥವಾ ಏಳಕ್ಕೆ ಶುರು, ಎಂಟೂವರೆ, ಒಂಬತ್ತಕ್ಕೆ ಮಂಗಳ. ಇದು ಯಾರನ್ನೂ ಹೊರಗಿಡಲು ಮಾಡಿದ್ದಲ್ಲ. ಆದರೆ ಹೊರಗುಳಿದವರು ಉಳಿದೇ ಇದ್ದಾರೆ.

ಈ ಗಡಿಯಾರವನ್ನು ತಿರುಗಿಸಿದ ನಾಟಕಗಳೂ ಇವೆ. ಕುವೆಂಪು ಅವರ 1967ರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ 2010ರಲ್ಲಿ ರಂಗಾಯಣದ ಆವರಣದಲ್ಲಿ ನಾಟಕವಾಯಿತು. ಕೆ.ವೈ.ನಾರಾಯಣಸ್ವಾಮಿ ರಂಗರೂಪ, ಹಂಸಲೇಖ ಸಂಗೀತ, ಸಿ.ಬಸವಲಿಂಗಯ್ಯ ನಿರ್ದೇಶನ. ಒಂಬತ್ತು ಗಂಟೆಯ ನಾಟಕ. ರಾತ್ರಿ ಊಟದ ಹೊತ್ತಿಗೆ ಶುರುವಾಗಿ ಬೆಳಗಿನ ಜಾವಕ್ಕೆ ಮುಗಿಯುತ್ತಿತ್ತು. ಬಯಲಿನಲ್ಲಿ ಬೇರೆ ಬೇರೆ ರಂಗ, ಜನ ಎದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ನೋಡಬೇಕು. 2013ರಲ್ಲಿ ಅದು ಬೆಂಗಳೂರಿನ ಕಲಾಗ್ರಾಮಕ್ಕೂ ಹೋಯಿತು. ಪತ್ರಿಕೆಗಳು ಇದನ್ನು ಹೊಸ ಪ್ರಯೋಗ ಎಂದು ಬರೆದವು. ಹಳ್ಳಿಯವರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಕಂಬಳಿ ಹೊದ್ದು ನಾಟಕ ನೋಡಿ ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಬರುವುದು ಅವರಿಗೆ ಗೊತ್ತಿದ್ದ ಸಂಗತಿಯೇ.

ಇನ್ನೊಂದು ದಾರಿ ಹಗಲು. ಎಸ್.ಎಲ್.ಭೈರಪ್ಪನವರ ‘ಪರ್ವ’ವನ್ನು 2021ರಲ್ಲಿ ರಂಗಾಯಣ ಪ್ರಕಾಶ್ ಬೆಳವಾಡಿ ನಿರ್ದೇಶನದಲ್ಲಿ ರಂಗಕ್ಕೆ ತಂದಾಗ ಅದು ಏಳು ಗಂಟೆಗೂ ಹೆಚ್ಚಿನ, ಹಗಲಿಡೀ ನಡೆಯುವ ನಾಟಕವಾಗಿತ್ತು. ಇಂಥ ಉದ್ದದ ನಾಟಕಗಳ ಜಾಹೀರಾತು ಕಂಡರೆ ತಾಳಮಲೆಯವರು ಬಿಡಬಾರದು. ಉದ್ದ ಹೆಚ್ಚಾದಷ್ಟೂ ಬಸ್ಸಿಗೆ ಹತ್ತಿರ.

<b>ಮೈಸೂರಿನಲ್ಲಿ ಎಲ್ಲಿ, ಯಾವಾಗ?</b>

ರಂಗಾಯಣ, ಕಲಾಮಂದಿರ, ಕಿರುರಂಗಮಂದಿರ ಎಲ್ಲವೂ ಹುಣಸೂರು ರಸ್ತೆಯಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇವೆ. ಒಂದು ಕಡೆ ಟಿಕೆಟ್ ಸಿಗದಿದ್ದರೆ ಪಕ್ಕದಲ್ಲಿ ಏನು ನಡೆಯುತ್ತಿದೆ ಎಂದು ನೋಡಬಹುದು. ರಂಗಾಯಣದ ಒಳಗೆ ‘ಭೂಮಿಗೀತ’ ಚಿಕ್ಕ ರಂಗಮಂದಿರ, ‘ವನರಂಗ’ ಮರಗಳ ನಡುವಿನ ಬಯಲು. ಬಿ.ವಿ.ಕಾರಂತರು ರಂಗಾಯಣದ ಮೊದಲ ನಿರ್ದೇಶಕರು. ಹಳ್ಳಿಯ ಹಾಡು, ತಮಟೆ, ಕಂಸಾಳೆಯನ್ನು ನಗರದ ನಾಟಕದ ಒಳಗೆ ಸರಾಗವಾಗಿ ತಂದವರು. ಹೀಗಾಗಿ ಮಾದಪ್ಪನ ಪರಿಷೆ ಕಂಡವರಿಗೆ ಇಲ್ಲಿನ ನಾಟಕದಲ್ಲಿ ಅಪರಿಚಿತ ಎನ್ನಿಸುವುದು ಕಡಿಮೆ. ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿಯ ಕತೆಯೇ ಎಚ್.ಎಸ್.ಶಿವಪ್ರಕಾಶರ ಕೈಯಲ್ಲಿ ‘ಮಂಟೇಸ್ವಾಮಿ ಕಥಾಪ್ರಸಂಗ’ ಎಂಬ ನಾಟಕವಾಗಿದೆ. ತಂಬೂರಿ ಹಿಡಿದು ಹಾಡುವವರ ಊರಿನಿಂದ ಹೋದವನಿಗೆ ಅಲ್ಲಿ ಮುಂದಿನ ಸಾಲು ಹಿಡಿಯಲು ಸಂಕೋಚ ಬೇಡ. ಕತೆ ಅವನದೇ.

ಭಾನುವಾರದ ನಾಟಕಗಳು ಸಂಜೆಯವೇ ಆದ್ದರಿಂದ ಮೇಲೆ ಹೇಳಿದ ಬಸ್ಸಿನ ಲೆಕ್ಕ ಅವಕ್ಕೆ ಪೂರ್ತಿ ಅನ್ವಯ. ಆದರೆ ವರ್ಷಕ್ಕೊಮ್ಮೆ ನಡೆಯುವ ‘ಬಹುರೂಪಿ’ ನಾಟಕೋತ್ಸವ ಹಾಗಲ್ಲ. ಸಾಮಾನ್ಯವಾಗಿ ಸಂಕ್ರಾಂತಿಯ ಆಸುಪಾಸು ಬರುತ್ತದೆ, ಹಿಂದುಮುಂದಾದದ್ದೂ ಉಂಟು. ಬೇರೆ ರಾಜ್ಯಗಳ ತಂಡಗಳು ಬರುತ್ತವೆ, ತಮಿಳು, ಮಲಯಾಳ ನಾಟಕಗಳೂ ಇರುತ್ತವೆ. ಹಗಲಲ್ಲಿ ಸಿನಿಮಾ, ವಿಚಾರ ಸಂಕಿರಣ, ಪುಸ್ತಕದಂಗಡಿ, ಬಯಲಿನಲ್ಲಿ ಜಾನಪದ ಮೇಳ. ಎರಡು ದಿನ ಉಳಿಯುವ ಅನುಕೂಲ ಇದ್ದವರಿಗೆ ವರ್ಷದಲ್ಲಿ ಒಂದೇ ಸಲ ಹೋಗಬೇಕೆಂದರೆ ಇದೇ ಸರಿ. ಮೈಸೂರಿನಲ್ಲಿ ಕಾಲೇಜಿಗೆ ಸೇರಿದ ಮಕ್ಕಳಿರುವ ಮನೆಗಳು ತಾಳಮಲೆಯಲ್ಲಿ ಈಗ ಸಾಕಷ್ಟಿವೆ. ಅವರ ರೂಮು ಒಂದು ರಾತ್ರಿಗೆ ಸಾಕು.

ಸಂಗೀತಕ್ಕೆ ಎರಡು ಹಬ್ಬಗಳು. ಒಂದು ಗಣಪತಿ, ಇನ್ನೊಂದು ದಸರಾ. ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನ ಗಣಪತಿ ಉತ್ಸವದಲ್ಲಿ ಹಲವು ದಶಕಗಳಿಂದ ದೊಡ್ಡ ದೊಡ್ಡ ವಿದ್ವಾಂಸರ ಕಛೇರಿ ಬೀದಿಯ ಚಪ್ಪರದಲ್ಲೇ ನಡೆಯುತ್ತಿದೆ. ಟಿಕೆಟ್ ಇಲ್ಲ, ಬಾಗಿಲೂ ಇಲ್ಲ. ಬಾಗಿಲಿಲ್ಲದ ಕಡೆ ಬಸ್ಸಿಗೆ ಹೊತ್ತಾಯಿತು ಎಂದು ನಡುವೆ ಏಳುವುದು ಸುಲಭ, ಯಾರೂ ತಿರುಗಿ ನೋಡುವುದಿಲ್ಲ. ದಸರೆಯಲ್ಲಿ ಅರಮನೆ ಮುಂದೆ ದೀಪದ ಬೆಳಕಿನಲ್ಲಿ ಕಛೇರಿ ನಡೆಯುತ್ತದೆ. ಜಗನ್ಮೋಹನ ಅರಮನೆ, ಕಲಾಮಂದಿರ, ಪುರಭವನಗಳಲ್ಲೂ ಕಾರ್ಯಕ್ರಮ ಇರುತ್ತದೆ. ಆ ದಿನಗಳಲ್ಲಿ ಹೆಚ್ಚುವರಿ ಬಸ್ಸು ಬಿಡುವ ವಾಡಿಕೆ ಇರುವುದು ದೊಡ್ಡ ಅನುಕೂಲ. ಉಳಿದ ಕಾಲದಲ್ಲಿ ಕುವೆಂಪುನಗರದ ಗಾನಭಾರತಿಯ ವೀಣೆ ಶೇಷಣ್ಣ ಭವನದಲ್ಲಿ ಕಛೇರಿಗಳಿರುತ್ತವೆ. ಅಲ್ಲಿ ಬರುವವರು ಹೆಚ್ಚಾಗಿ ತಿಳಿದ ಕೇಳುಗರು. ಹೊಸಬರು ಎಂಟನೇ ಕ್ರಾಸಿನಿಂದ ಶುರು ಮಾಡುವುದು ವಾಸಿ.

<b>ಅರ್ಥವಾಗುವ ಹಾಡು ಕೊನೆಗೆ</b>

ಕರ್ನಾಟಕ ಸಂಗೀತದ ಕಛೇರಿಗೆ ಮೊದಲ ಸಲ ಹೋದವರು ಅರ್ಧ ಗಂಟೆಗೆ ಎದ್ದು ಬರುವುದುಂಟು. ಏನು ನಡೆಯುತ್ತಿದೆ ಎಂದು ಗೊತ್ತಾಗುವುದಿಲ್ಲ. ಇಂದಿನ ಕಛೇರಿಯ ಕ್ರಮಕ್ಕೆ ರೂಪ ಕೊಟ್ಟವರು ಅರಿಯಾಕುಡಿ ರಾಮಾನುಜ ಅಯ್ಯಂಗಾರ್ (1890–1967) ಎನ್ನುತ್ತಾರೆ. ಮೊದಲು ವರ್ಣ, ಗಂಟಲು ಕಾಯಿಸುವ ಭಾಗ. ಆಮೇಲೆ ಒಂದೆರಡು ಚಿಕ್ಕ ಕೃತಿಗಳು. ನಂತರ ಒಂದು ದೊಡ್ಡ ಕೃತಿ, ಅದಕ್ಕೆ ಮುಂಚೆ ಮಾತಿಲ್ಲದ ರಾಗಾಲಾಪನೆ, ನಡುವೆ ಒಂದೇ ಸಾಲನ್ನು ಮತ್ತೆಮತ್ತೆ ಬೇರೆ ರೀತಿಯಲ್ಲಿ ಹಾಡುವುದು, ಸ್ವರ ಹಾಕುವುದು. ಅದಾದ ಮೇಲೆ ಹಾಡುಗಾರರು ಸುಮ್ಮನಾಗಿ ಮೃದಂಗ, ಘಟದವರಿಗೆ ಬಿಟ್ಟುಕೊಡುತ್ತಾರೆ. ಇದು ತನಿ ಆವರ್ತನ. ಹಾಡು ನಿಂತಿತು ಎಂದು ಜನ ಕಾಫಿಗೆ ಏಳುವುದು ಈ ಹೊತ್ತಿನಲ್ಲೇ. ಏಳಬಾರದು. ತಮಟೆ, ನಗಾರಿಯ ಪೆಟ್ಟು ಕೇಳಿ ಬೆಳೆದ ಕಿವಿಗೆ ಇಡೀ ಕಛೇರಿಯಲ್ಲಿ ತಕ್ಷಣ ಹಿಡಿಸುವುದು ತನಿ ಆವರ್ತನವೇ.

ದೊಡ್ಡ ಕೃತಿಗಳು ಹೆಚ್ಚಾಗಿ ತೆಲುಗು, ಸಂಸ್ಕೃತದಲ್ಲಿರುತ್ತವೆ. ಮಾತು ತಿಳಿಯಲಿಲ್ಲ ಎಂದು ಕುಗ್ಗಬೇಕಿಲ್ಲ. ಪಕ್ಕದಲ್ಲಿ ತಲೆದೂಗುತ್ತಾ ಕೂತಿರುವ ಎಷ್ಟೋ ಜನಕ್ಕೂ ತಿಳಿದಿರುವುದಿಲ್ಲ. ಕೊನೆಯ ಅರ್ಧ ಗಂಟೆಯ ತುಕ್ಕಡಾಗಳ ಭಾಗದಲ್ಲಿ ಮಾತ್ರ ಬೇರೆಯೇ ಲೋಕ. ಪುರಂದರದಾಸರ, ಕನಕದಾಸರ ದೇವರನಾಮ ಬರುತ್ತದೆ. ಅರುಣಗಿರಿನಾಥರ ತಿರುಪ್ಪುಗಳ್, ಪಾಪನಾಶಂ ಶಿವನ್ ಅವರ ತಮಿಳು ಕೃತಿ ಬರುತ್ತದೆ. ಮೈಸೂರಿನ ಕೇಳುಗನಿಗೆ ಮೊದಲನೆಯದು ತಿಳಿಯುತ್ತದೆ, ಚೆನ್ನೈನವನಿಗೆ ಎರಡನೆಯದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ, ಸಂತೆಯಲ್ಲಿ ತಮಿಳು ಆಡುವ ತಾಳವಾಡಿಯವನಿಗೆ ಎರಡೂ ತಿಳಿಯುತ್ತದೆ. ಈ ಭಾಗ್ಯ ಸಂಗೀತ ವಿಮರ್ಶಕರಲ್ಲೂ ಎಲ್ಲರಿಗೆ ಇಲ್ಲ.

ಕಷ್ಟ ಏನೆಂದರೆ, ಈ ಹಾಡುಗಳು ಬರುವ ಹೊತ್ತಿಗೆ ಬಸ್ಸಿನವರು ಎದ್ದು ಹೋಗಿಯಾಗಿರುತ್ತದೆ. ಅದಕ್ಕೇ ಪೂರ್ತಿ ಸಂಜೆ ಕಛೇರಿಗಿಂತ, ಉತ್ಸವದ ದಿನಗಳಲ್ಲಿ ಇದ್ದರೆ ಬೆಳಗಿನ ಅಥವಾ ಮಧ್ಯಾಹ್ನದ ಕಛೇರಿ ಹುಡುಕುವುದು ಜಾಣತನ. ಚೆನ್ನೈನ ಡಿಸೆಂಬರ್ ಸೀಸನ್‌ನಲ್ಲಿ ಹಲವು ಸಭೆಗಳ ಬೆಳಗಿನ, ಮಧ್ಯಾಹ್ನದ ಕಛೇರಿಗಳಿಗೆ ಟಿಕೆಟ್ಟೂ ಇರುವುದಿಲ್ಲ. ಹಾಡುವವರು ಹೆಚ್ಚಾಗಿ ಕಿರಿಯರು. ಸಭೆಯ ಕ್ಯಾಂಟೀನಿಗೆಂದೇ ಬರುವವರೂ ಇದ್ದಾರೆ, ಅದು ಬೇರೆ ವಿಚಾರ.

<b>ಗಡಿಯ ಎರಡು ತೊಡಕು</b>

1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. 1979ರಲ್ಲಿ ಈರೋಡು ಬೇರೆ ಜಿಲ್ಲೆಯಾದಾಗ ಅದರ ಪಾಲಾಯಿತು. ಕಾಗದದ ಮೇಲೆ ಊರು ಕೆಳಗಿನ ಬಯಲಿಗೆ ಸೇರಿದ್ದು, ಹತ್ತಿರದ ನಗರ ಮಾತ್ರ ಮೈಸೂರು.

ಇದರಿಂದ ನಾಟಕ ನೋಡುವವನಿಗೆ ಆಗುವುದೇನು? ಕೆಳಗೆ ಸತ್ಯಮಂಗಲ, ಈರೋಡು, ಕೊಯಮತ್ತೂರಿನ ಕಡೆ ಸಂಜೆ ಕಾರ್ಯಕ್ರಮ ನೋಡಿ ಅದೇ ರಾತ್ರಿ ಬರುವುದು ಹೆಚ್ಚುಕಡಿಮೆ ಆಗದ ಮಾತು. 27 ತಿರುವಿನ ದಿಂಬಂ ಘಾಟ್ ಸತ್ಯಮಂಗಲ ಹುಲಿ ರಕ್ಷಿತಾರಣ್ಯದ ಒಳಗಿದೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿದೆ. ಕಾಡುಪ್ರಾಣಿಗಳ ದೃಷ್ಟಿಯಿಂದ ಅದು ಬೇಕಾದದ್ದೇ. ಕೆಳಗೆ ಹೋಗುವುದಾದರೆ ಒಂದು ರಾತ್ರಿ ಅಲ್ಲೇ ಉಳಿಯುವ ಲೆಕ್ಕ ಇಟ್ಟುಕೊಂಡೇ ಹೊರಡಬೇಕು.

ಎರಡನೆಯದು ಹೆಣ್ಣುಮಕ್ಕಳಿಗೆ ಸಂಬಂಧಪಟ್ಟದ್ದು. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಉಚಿತ. ಅದು ಕರ್ನಾಟಕದ ನಿವಾಸಿ ಮಹಿಳೆಯರಿಗೆ, ರಾಜ್ಯದ ಒಳಗಿನ ಪ್ರಯಾಣಕ್ಕೆ ಮಾತ್ರ. ತಮಿಳುನಾಡಿನ ವಿಳಾಸದ ಆಧಾರ್ ತೋರಿಸಿದರೆ ಚಾಮರಾಜನಗರದಿಂದ ಮೈಸೂರಿಗೂ ಟಿಕೆಟ್ ತೆಗೆಯಬೇಕು. ತಮಿಳುನಾಡು 2021ರಲ್ಲಿ ತಂದ ಉಚಿತ ಪ್ರಯಾಣ ಸಾಧಾರಣ ಟೌನ್ ಬಸ್ಸುಗಳದ್ದು, ಅದು ಮೈಸೂರಿನವರೆಗೆ ಬರುವುದಿಲ್ಲ. ಗಡಿಯ ಆಚೆ ಮದುವೆಯಾಗಿ ಹೋದ ಅಕ್ಕ ಬಿಟ್ಟಿಯಾಗಿ ದಸರೆಗೆ ಹೋಗುತ್ತಾಳೆ, ಈಚೆ ಉಳಿದ ತಂಗಿ ದುಡ್ಡು ಕೊಟ್ಟು ಹೋಗುತ್ತಾಳೆ. ಮನೆಮಂದಿಯೆಲ್ಲ ಹೊರಟರೆ ನಾಟಕದ ಟಿಕೆಟ್‌ಗಿಂತ ಬಸ್ಸಿನ ಟಿಕೆಟ್ಟೇ ಭಾರವಾಗುವುದು ಇಲ್ಲಿ. ಐದಾರು ಮನೆಯವರು ಸೇರಿ ಒಂದು ವ್ಯಾನ್ ಮಾಡಿಕೊಂಡು, ಬೆಳಿಗ್ಗೆಯೇ ವಾಪಸ್ ಎಂದು ಡ್ರೈವರ್ ಜೊತೆ ಮೊದಲೇ ಮಾತಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಹೊಲದ ಕಾವಲಿಗೂ ಆಗಲೇ ಒಬ್ಬರನ್ನು ಗೊತ್ತು ಮಾಡಿರಬೇಕು.

<b>ಬೆಂಗಳೂರಿಗೆ ಹೋದವರು</b>

ಬೆಂಗಳೂರಿನ ನಾಟಕಕ್ಕೆಂದೇ ಹೋಗುವವರು ಕಡಿಮೆ. ಕೆಲಸಕ್ಕೆ, ಆಸ್ಪತ್ರೆಗೆ, ಮಗಳ ಮನೆಗೆ ಹೋದಾಗ ನೋಡುವವರು ಹೆಚ್ಚು. ಜೆ.ಪಿ.ನಗರದ ರಂಗಶಂಕರ 2004ರಲ್ಲಿ ಅರುಂಧತಿ ನಾಗ್ ಮತ್ತು ಗೆಳೆಯರ ಪ್ರಯತ್ನದಿಂದ ತೆರೆಯಿತು. 1990ರಲ್ಲಿ ತೀರಿಕೊಂಡ ಶಂಕರ್‌ನಾಗ್ ನೆನಪಿನಲ್ಲಿ ಕಟ್ಟಿದ್ದು. ಅಲ್ಲಿನ ಒಂದು ನಿಯಮ ಮೊದಲೇ ತಿಳಿದಿರಬೇಕು. ನಾಟಕ ಶುರುವಾದ ಮೇಲೆ ಬಾಗಿಲು ತೆಗೆಯುವುದಿಲ್ಲ. ಟಿಕೆಟ್ ಕೈಯಲ್ಲಿದೆ, ಟ್ರಾಫಿಕ್ ಜಾಮ್ ಇತ್ತು ಎಂದರೆ ಕೇಳುವವರಿಲ್ಲ. ಕಟುವಾಗಿ ಕಂಡರೂ ನ್ಯಾಯವಾದದ್ದು, ಕತ್ತಲಲ್ಲಿ ಕಾಲು ತುಳಿಸಿಕೊಳ್ಳುವುದು ತಪ್ಪುತ್ತದೆ. ಜೆ.ಸಿ.ರಸ್ತೆಯ ಕಲಾಕ್ಷೇತ್ರ ಇಷ್ಟು ಬಿಗಿಯಲ್ಲ, ಹಿಂದುಗಡೆ ಸಂಸ ಬಯಲು ರಂಗಮಂದಿರವೂ ಇದೆ. ತಿರುಮಕೂಡಲಿನ ಪಿಟೀಲು ಚೌಡಯ್ಯನವರ ಹೆಸರಿನ ಚೌಡಯ್ಯ ಮೆಮೋರಿಯಲ್ ಹಾಲ್ ಪಿಟೀಲಿನ ಆಕಾರದಲ್ಲೇ ಇದೆ. ನಮ್ಮ ಕಾವೇರಿ–ಕಪಿಲಾ ಸೀಮೆಯವರ ಹೆಸರು ರಾಜಧಾನಿಯಲ್ಲಿ ಹೀಗೆ ನಿಂತಿರುವುದನ್ನು ಹೊರಗಿನಿಂದಾದರೂ ಒಮ್ಮೆ ನೋಡಬಹುದು.

ಎಲ್ಲ ಕಡೆಯೂ ಮೊಬೈಲ್ ಆರಿಸಿಡಬೇಕು. ನಾಟಕದ ನಡುವೆ ‘ಒನ್ಸ್ ಮೋರ್’ ನಗರದಲ್ಲಿ ನಡೆಯುವುದಿಲ್ಲ, ನೋಟು ಸಿಕ್ಕಿಸಲು ರಂಗ ಹತ್ತುವುದಂತೂ ಇಲ್ಲವೇ ಇಲ್ಲ. ಮೆಚ್ಚಿಗೆಯಾದರೆ ಕೊನೆಯಲ್ಲಿ ಚಪ್ಪಾಳೆ ಹೊಡೆದು, ಹೊರಗೆ ನಟರು ಸಿಕ್ಕಾಗ ನಾಲ್ಕು ಮಾತು ಆಡಿದರೆ ಸಾಕು. ನಗು ಬಂದರೆ ಜೋರಾಗಿ ನಗಬಹುದು. ಅದಕ್ಕೆ ಎಲ್ಲೂ ನಿಷೇಧವಿಲ್ಲ.

<b>ಕರೆಸುವ ದಾರಿ</b>

ಹೋಗುವುದು ಆಗದಿದ್ದರೆ ಕರೆಸುವುದೂ ಒಂದು ದಾರಿ. ಹೆಗ್ಗೋಡಿನ ನೀನಾಸಂ 1985ರಲ್ಲಿ ಶುರು ಮಾಡಿದ ‘ತಿರುಗಾಟ’ ತನ್ನದೇ ಸೆಟ್ಟು, ಬೆಳಕು, ನಟರೊಂದಿಗೆ ವರ್ಷಾವರ್ಷ ಊರೂರು ಸುತ್ತುತ್ತದೆ. ಸಾಣೇಹಳ್ಳಿಯ ‘ಶಿವಸಂಚಾರ’ ಕೂಡ ಹೀಗೆಯೇ. ಇವು ಹಳೆಯ ಕಂಪನಿಗಳ ದಾರಿಯನ್ನೇ ಬೇರೆ ರೀತಿಯಲ್ಲಿ ಹಿಡಿದಿವೆ. ಸ್ಥಳೀಯ ಸಂಘದವರು ಕರೆದು, ತಂಡದ ಊಟ, ವಸತಿ, ಸಂಭಾವನೆಯ ಹೊಣೆ ಹೊತ್ತರೆ ಆಟ ನಡೆಯುತ್ತದೆ. ಪ್ರವಾಸದ ಪಟ್ಟಿ ಮುಂಚಿತವಾಗಿ ತಯಾರಾಗುವುದರಿಂದ ಮಳೆಗಾಲದಲ್ಲೇ ಪತ್ರ ಬರೆದು ಕೇಳಬೇಕು. ಚಾಮರಾಜನಗರದಲ್ಲಿ ವರನಟ ಡಾ.ರಾಜ್‌ಕುಮಾರ್ ಹೆಸರಿನ ಜಿಲ್ಲಾ ರಂಗಮಂದಿರ ಇದೆ. ಮೈಸೂರಿನ ತಂಡಗಳು ಅಲ್ಲಿಗೆ ಬಂದಾಗ ತಾಳಮಲೆಯವರಿಗೆ ಅರ್ಧ ದಾರಿ ಉಳಿಯುತ್ತದೆ. ತಾಳವಾಡಿಯಲ್ಲೇ ಆಡಿಸುವುದಾದರೆ ಮದುವೆ ಮಂಟಪವಾದರೂ ನಡೆದೀತು, ಶಾಲೆಯ ಬಯಲಾದರೂ ನಡೆದೀತು. ಕರೆಂಟ್ ಹೋದರೆ ಇರಲಿ ಎಂದು ಒಂದು ಜನರೇಟರ್ ಗೊತ್ತು ಮಾಡಿ, ಸುತ್ತಲಿನ ಊರಿನವರು ಕತ್ತಲಾಗುವ ಮೊದಲು ಮನೆ ಸೇರುವಂತೆ ಆಟವನ್ನು ಮಧ್ಯಾಹ್ನ ಎರಡೂವರೆಗೆ ಇಡಬಹುದು.